ವ್ಯಾಟು, ವ್ಯಾಟ್-ಅವರು ಮತ್ತು ಅಪ್ಪಯ್ಯನ ಉಸಿರು

ಮಲೆನಾಡಿನ ಮಳೆಗಾಲದ ಬಗ್ಗೆ ನಾವೆಲ್ಲ ಎಷ್ಟೋ ಚಂದ ಮಾಡಿ ಬರೆದಿದ್ದೇವೆ. ಹಂಡೆ ಒಲೆ, ಹಲಸಿನ ಹಪ್ಪಳ, ಜೀರುಂಡೆ... ಆದರೆ ಲೈನ್ ಮೇಲೆ ಮರ ಬಿತ್ತು ಅಂದ್ರೆ ಒಂದೊಂದ್ಸಲ ಎರಡು ದಿನ ಕರೆಂಟೇ ಇರೋದಿಲ್ಲ ನೋಡಿ! ತೀರ್ಥಹಳ್ಳಿ ಕಡೆಯ ನಮ್ಮನೆಯಲ್ಲಿ ಮೊದಲೆಲ್ಲ ಇದು ತಮಾಷೆಯ ವಿಷಯ. ಈಗ ಅಪ್ಪಯ್ಯನ ಮಂಚದ ಪಕ್ಕ ಆಕ್ಸಿಜನ್ ಕಾನ್ಸನ್ಟ್ರೇಟರ್ ಬಂದು ಕೂತಿದೆ. ತಮಾಷೆ ಮುಗಿಯಿತು.

ಹಾಗಾಗಿ ಪೋರ್ಟಬಲ್ ಪವರ್ ಸ್ಟೇಷನ್ ಹುಡುಕತೊಡಗಿದೆ. ಬ್ಯಾಟರಿ, ಇನ್ವರ್ಟರ್, ಚಾರ್ಜರ್ ಎಲ್ಲ ಒಂದೇ ಪೆಟ್ಟಿಗೆಯಲ್ಲಿ. ತಮ್ಮನಿಗಂತೂ ಖುಷಿಯೋ ಖುಷಿ. "ಅಣ್ಣಾ, ಕ್ಯಾಂಪಿಂಗಿಗೂ ಆಗ್ತದೆ!"

ಜಾಹೀರಾತಿನಲ್ಲಿ ದೊಡ್ಡಕ್ಷರದಲ್ಲಿ ಇರೋದು ವ್ಯಾಟ್. ಅದು ಒಮ್ಮೆಗೆ ಎಷ್ಟು ಲೋಡ್ ಎಳೆಯುತ್ತದೆ ಅನ್ನೋದನ್ನಷ್ಟೇ ಹೇಳುತ್ತದೆ. ಎಷ್ಟು ಹೊತ್ತು ಅಂತ ಗೊತ್ತಾಗಬೇಕಾದರೆ ವ್ಯಾಟ್-ಅವರ್ ನೋಡಬೇಕು. ನಲ್ಲಿಯ ಗಾತ್ರ ಬೇರೆ, ಟ್ಯಾಂಕಿನ ಗಾತ್ರ ಬೇರೆ ಅಲ್ವಾ? 1000 ವ್ಯಾಟ್-ಅವರ್ ಪೆಟ್ಟಿಗೆಯಲ್ಲಿ ಇನ್ವರ್ಟರ್ ತಿನ್ನೋದನ್ನು ಕಳೆದರೆ ಕೈಗೆ ಸಿಗೋದು ಸುಮಾರು 850. ಟೆಂಟಿನಲ್ಲಿ 10 ವ್ಯಾಟಿನ ಎಲ್ಇಡಿ ಬಲ್ಬಿಗೆ ಅದು ನಾಲ್ಕೈದು ರಾತ್ರಿಗೆ ಧಾರಾಳ. ಅಪ್ಪಯ್ಯನ 5 ಲೀಟರಿನ ಯಂತ್ರಕ್ಕೆ ಬೇಕಾದ್ದು ಸುಮಾರು 350 ವ್ಯಾಟ್. ಭಾಗಿಸಿ ನೋಡಿ... ಎರಡೂವರೆ ಗಂಟೆಯೂ ಇಲ್ಲ! ಸೋಲಾರ್ ಪ್ಯಾನೆಲ್ ಹಾಕಿ ಅಂತೀರಾ? ಜುಲೈನಲ್ಲಿ, ಆಗುಂಬೆಯ ನೆರೆಯಲ್ಲಿ, ಬಿಸಿಲು ನಂಬಿಕೊಂಡು!

ಇನ್ನೂ ದೊಡ್ಡ ಪೆಟ್ಟಿಗೆ ಕೊಂಡರೂ ಎರಡು ದಿನಕ್ಕೆ ಸಾಲದು. ಡಾಕ್ಟರು ಹೇಳಿರೋದು ನಿಮಿಷಕ್ಕೆ 2 ಲೀಟರ್. 7000 ಲೀಟರ್ ಆಕ್ಸಿಜನ್ ಹಿಡಿಯುವ ಡಿ-ಟೈಪ್ ಸಿಲಿಂಡರ್ ಆ ಲೆಕ್ಕಕ್ಕೆ 58 ಗಂಟೆ ಬರುತ್ತದೆ, ಕರೆಂಟೇ ಬೇಡ. ದೊಡ್ಡದರ ಆಸೆ ಬಿಟ್ಟು 1000ದ್ದನ್ನೇ ತಂದೆ. ಉಳಿದ ದುಡ್ಡಿನಲ್ಲಿ ಸಿಲಿಂಡರಿನ ವ್ಯವಸ್ಥೆ. ಪೆಟ್ಟಿಗೆಯಲ್ಲಿ ನೋಡಿದ್ದು ಮೂರೇ: ಬಹುಕಾಲ ಬಾಳುವ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ, ಪ್ಯೂರ್ ಸೈನ್ ವೇವ್, ಕರೆಂಟ್ ಹೋದ ಕೂಡಲೇ ತಾನೇ ಶುರುವಾಗುವ ಯುಪಿಎಸ್ ಗುಣ.

ಅಂದರೆ ಅಷ್ಟು ದುಡ್ಡು ಕೊಟ್ಟು ನಾನು ಕೊಂಡಿದ್ದು ಎರಡು ಗಂಟೆ. ಅಮ್ಮ ಕತ್ತಲಲ್ಲಿ ತಡಕಾಡದೆ, ಗಾಬರಿಯಾಗದೆ, ಪಕ್ಕದ ಮನೆಯವರನ್ನು ಕರೆದು ಸಿಲಿಂಡರಿಗೆ ಬದಲಾಯಿಸಿಕೊಳ್ಳಲು ಬೇಕಾದ ಎರಡು ಗಂಟೆ. ನಿದ್ದೆ ಹತ್ತಿದ್ದರೂ ಚಾರ್ಜ್ ಮುಗಿದಾಗ ಯಂತ್ರವೇ ಕೂಗಿ ಎಬ್ಬಿಸುತ್ತದೆ. ಬೆಂಗಳೂರಿನಲ್ಲಿ ಮಲಗುವ ನನಗೆ ಆ ಎರಡು ಗಂಟೆ ಕಡಿಮೆಯೇನಲ್ಲ.

ತಮ್ಮನಿಗೆ ಒಂದೇ ಷರತ್ತು ಹಾಕಿದ್ದೇನೆ: ಕ್ಯಾಂಪಿಂಗೆಲ್ಲ ಜನವರಿಯಲ್ಲಿ ಮಾಡ್ಕೊ ಮಾರಾಯ, ಮಳೆಗಾಲದಲ್ಲಿ ಪೆಟ್ಟಿಗೆ ಹೊಸಿಲು ದಾಟುವಂತಿಲ್ಲ :)

ನಿಮ್ಮನೆಯ ಲೆಕ್ಕ ಹೇಗಿದೆ? ಕೊಳ್ಳುವ ಮುಂಚೆ ಒಮ್ಮೆ ಭಾಗಿಸಿ ನೋಡಿ.