ಹಳ್ಳದಾಚೆಯ ಮಕ್ಕಳು

ಊರಿನ ಡಾಂಬರು ರಸ್ತೆ ಹಳ್ಳದ ತನಕ ಮಾತ್ರ ಇತ್ತು. ಅಲ್ಲಿಂದಾಚೆ ಎರಡು ಹಲಗೆ ಜೋಡಿಸಿದ ಸೇತುವೆ, ಕೆಸರು, ಕಟ್ಟಿಗೆ ಒಲೆಗಳ ಹೊಗೆ. ದೂರದ ಗುಡ್ಡದ ಮೇಲೆ ಸ್ಪಿಶ್ ಕೋಟೆಯ ಬಿಳಿ ಗೋಡೆಗಳು ಅಕ್ಟೋಬರ್ ಮಂಜಿನಲ್ಲಿ ಮಸುಕಾಗಿ ಕಾಣುತ್ತಿದ್ದವು. 1993ರಿಂದ ಅದು ವಿಶ್ವ ಪರಂಪರೆಯ ತಾಣ, ನೋಡಲು ಬಸ್ಸುಗಟ್ಟಲೆ ಜನ ಬರುತ್ತಾರೆ. ಹಳ್ಳ ದಾಟಿ ಆಚೆಗೆ ಹೋಗುವವರು ಕಡಿಮೆ.

ಧಾರವಾಡದ ನಮ್ಮ ಕ್ರೈಸ್ತ ಸಭೆಯಿಂದ ಐದು ಜನ ಪೂರ್ವ ಸ್ಲೊವಾಕಿಯಾಕ್ಕೆ ಹೊರಟಿದ್ದೆವು, ಅಲ್ಲಿನ ರೋಮಾ ಜನಾಂಗದ ಮಕ್ಕಳಿಗಾಗಿ ನಡೆಯುತ್ತಿರುವ ಕೆಲಸಗಳನ್ನು ನೋಡಲು. ಬ್ರಾತಿಸ್ಲಾವಾದಿಂದ ರೈಲು ವಾಹ್ ನದಿಯ ಗುಂಟ ಸಾಗಿತು. ಪೊಪ್ರಾದ್ ಹತ್ತಿರವಾದಂತೆ ಎಡಗಡೆ ತಾತ್ರಾ ಪರ್ವತಗಳು ಎದ್ದು ನಿಂತವು. ನನ್ನ ಚೀಲದಲ್ಲಿ ಚಾಕಲೇಟು, ಬಣ್ಣದ ಪೆನ್ಸಿಲ್ಲುಗಳಿದ್ದವು. ಎಲ್ಲರೂ ಒಯ್ಯುವುದು ಅವನ್ನೇ.

ನಮ್ಮನ್ನು ಕರೆದೊಯ್ದಾಕೆ ಹಳ್ಳದಾಚೆಯ ಆ ರೋಮಾ ಕೇರಿಯಲ್ಲೇ ಹುಟ್ಟಿ ಬೆಳೆದ ಹೆಣ್ಣುಮಗಳು, ಮೂವತ್ತೈದರ ಆಸುಪಾಸು. ಆಕೆಯ ಕೆಲಸಕ್ಕೆ ಅಲ್ಲಿ 'ಒಮಾಮಾ' ಎನ್ನುತ್ತಾರೆ, ಸ್ಲೊವಾಕ್ ಭಾಷೆಯಲ್ಲಿ ಅಜ್ಜಿ ಎಂದರ್ಥ. ತ್ಸೆಸ್ತಾ ವೊನ್ ಎಂಬ ಸಂಸ್ಥೆ 2018ರಲ್ಲಿ ಶುರುಮಾಡಿದ ಯೋಜನೆ ಅದು. ಕೇರಿಯ ಹೆಂಗಸರಿಗೇ ತರಬೇತಿ ಮತ್ತು ಸಂಬಳ ಕೊಟ್ಟು, ಎಳೆಯ ಮಕ್ಕಳಿರುವ ಮನೆಗಳಿಗೆ ಕಳಿಸುತ್ತಾರೆ. ಹೊರಗಿನವರು ಬಂದು ಕಲಿಸುವುದಲ್ಲ. ಪಕ್ಕದ ಮನೆಯಾಕೆಯೇ ಆಟದ ಸಾಮಾನಿನ ಚೀಲ ಹಿಡಿದು ಬಾಗಿಲು ತಟ್ಟುತ್ತಾಳೆ.

ನಾವು ಹೋದ ಮನೆ ಒಂದೇ ಕೋಣೆಯದು. ಕುಡಿಯುವ ನೀರು ಹೊರಗಿನ ಪಂಪಿನಿಂದ ಬರಬೇಕು. ಆದರೂ ನೆಲ ಸಾರಿಸಿದಷ್ಟು ಶುದ್ಧ, ಗೋಡೆಗೆ ಹೂವಿನ ಜಮಖಾನೆ. ಇಪ್ಪತ್ತೂ ತುಂಬದ ತಾಯಿ ಒಲೆಯ ತಗಡಿನ ಮೇಲೆ ದಪ್ಪ ರೊಟ್ಟಿ ಬೇಯಿಸುತ್ತಿದ್ದಳು. ಮಾರಿಕ್ಲಿ ಅಂತೆ ಅದರ ಹೆಸರು. ಒಮಾಮಾ ನೆಲದ ಮೇಲೆ ಕೂತು ಚೀಲ ಬಿಚ್ಚಿದಳು: ಮರದ ತುಂಡುಗಳು, ಚಿತ್ರದ ಪುಸ್ತಕ, ಚಿಂದಿ ಬಟ್ಟೆಯ ಚೆಂಡು. ಲೋಟದ ಕೆಳಗೆ ಒಂದು ಮರದ ತುಂಡು ಬಚ್ಚಿಟ್ಟು ಎರಡು ವರ್ಷದ ಕೂಸಿಗೆ ತಮ್ಮ ರೋಮಾನಿ ಭಾಷೆಯಲ್ಲಿ ಏನೋ ಕೇಳಿದಳು. ಕೂಸು ಲೋಟ ಎತ್ತಿತು. ಈಗ ಅದೇ ಮಾತು ಸ್ಲೊವಾಕ್‌ನಲ್ಲಿ. ಕೂಸು ಒಂದು ಗಳಿಗೆ ಅವಳ ಬಾಯಿಯನ್ನೇ ದಿಟ್ಟಿಸಿ, ಮತ್ತೆ ಲೋಟ ಎತ್ತಿತು. ರೊಟ್ಟಿ ಮಗುಚುತ್ತಿದ್ದ ತಾಯಿಯ ಕೈ ಅಲ್ಲೇ ನಿಂತಿತ್ತು.

ಈ ಎರಡು ಭಾಷೆಗಳ ನಡುವಿನ ದಾರಿಯಲ್ಲೇ ಅಲ್ಲಿ ಮಕ್ಕಳು ಕಳೆದುಹೋಗುತ್ತಾರೆ. ಮನೆಯಲ್ಲಿ ರೋಮಾನಿ ಕೇಳಿ ಬೆಳೆದ ಮಗು ಶಾಲೆಗೆ ಹೋದ ದಿನ ಮೇಷ್ಟರ ಮಾತು ತಿಳಿಯದೆ ಸುಮ್ಮನೆ ಕೂರುತ್ತದೆ. ಆ ಮೌನಕ್ಕೆ 'ಮಂದಬುದ್ಧಿ' ಎಂದು ಹೆಸರಿಟ್ಟು ವಿಶೇಷ ಶಾಲೆಗೆ ದಬ್ಬಿದ್ದುಂಟು. ನೆರೆಯ ಚೆಕ್ ದೇಶದ ಒಸ್ತ್ರಾವಾ ಊರಿನ 18 ರೋಮಾ ಮಕ್ಕಳ ಪರವಾಗಿ ಸ್ಟ್ರಾಸ್‌ಬರ್ಗ್‌ನ ಮಾನವ ಹಕ್ಕುಗಳ ನ್ಯಾಯಾಲಯ 2007ರ ನವೆಂಬರ್‌ನಲ್ಲಿ ತೀರ್ಪು ಕೊಟ್ಟು, ಇದು ತಾರತಮ್ಯ ಎಂದು ಸಾರಿತು. ಸ್ಲೊವಾಕಿಯಾದಲ್ಲೂ 2012ರಲ್ಲಿ ಪ್ರೆಶೊವ್ ನ್ಯಾಯಾಲಯ, ಒಂದು ಶಾಲೆ ರೋಮಾ ಮಕ್ಕಳನ್ನು ಬೇರೆ ತರಗತಿಗಳಲ್ಲಿ ಕೂರಿಸಿದ್ದು ತಪ್ಪು ಎಂದಿತು. 2023ರಲ್ಲಿ ಯುರೋಪಿಯನ್ ಕಮಿಷನ್ ಇದೇ ವಿಷಯಕ್ಕೆ ದೇಶವನ್ನೇ ನ್ಯಾಯಾಲಯಕ್ಕೆ ಎಳೆಯಿತು. ತೀರ್ಪುಗಳು ಬೇಕೇ ಬೇಕು. ಆದರೆ ಮಗು ಶಾಲೆಯ ಮೆಟ್ಟಿಲು ಹತ್ತುವ ಮೊದಲಿನ ವರ್ಷಗಳು ಯಾವ ನ್ಯಾಯಾಧೀಶರ ಕೈಗೂ ಸಿಗುವುದಿಲ್ಲ. ಅವು ಒಮಾಮಾಳ ಆ ಚೀಲದಲ್ಲಿವೆ.

ನನಗೆ ಇದು ಬರೀ ಬೇರೆ ದೇಶದ ಸುದ್ದಿ ಆಗಲಿಲ್ಲ. ವಿಜಯಪುರ ಜಿಲ್ಲೆಯ ಒಂದು ತಾಂಡಾದ ಶಾಲೆಯಲ್ಲಿ ನಾನು ಹನ್ನೊಂದು ವರ್ಷ ಕಲಿಸಿದವಳು. ಮೊದಲ ವರ್ಷ ಒಬ್ಬ ಲಂಬಾಣಿ ಹುಡುಗಿ ಏನು ಕೇಳಿದರೂ ಬಾಯಿ ಬಿಡುತ್ತಿರಲಿಲ್ಲ. ರಿಜಿಸ್ಟರಿನಲ್ಲಿ ಅವಳ ಹೆಸರಿನ ಮುಂದೆ 'ನಿಧಾನ' ಎಂದು ನನ್ನ ಕೈಯಾರೆ ಬರೆದಿದ್ದೆ. ಒಂದು ದಿನ ಅವಳ ಅಜ್ಜಿ ಬಂದು, "ಅಕ್ಕೋರ, ನಮ್ಮ ಹುಡುಗಿ ದಡ್ಡಿ ಅಲ್ರಿ. ನೀವು ಹೇಳೂದು ಅಕಿಗೆ ತಿಳಿವಲ್ದು" ಅಂದಳು. ಮರುದಿನ ನಾನು ನೀರು ತೋರಿಸಿ ಕೇಳಿದಾಗ ಹುಡುಗಿ "ಪಾಣಿ" ಅಂದಳು. ಆ ದನಿ ನನ್ನ ಕಿವಿಯಲ್ಲಿ ಇನ್ನೂ ಇದೆ.

ಸ್ಪಿಶ್ ಕೋಟೆಯ ಕೆಳಗಿನ ಆ ಕೇರಿಯ ಪಂಪಿನ ಹತ್ತಿರ ಆರೇಳು ವರ್ಷದ ಹುಡುಗಿಯೊಬ್ಬಳು ಕೊಡ ತುಂಬಿಸುತ್ತಾ ನಿಂತಿದ್ದಳು. ನಾನು ಬೆರಳು ಮಾಡಿ ತೋರಿಸಿದೆ. "ಪಾನಿ" ಅಂದಳು. ನನ್ನ ಕಣ್ಣು ತುಂಬಿ ಬಂತು. ಅವಳಿಗೆ ಅದು ಆಟವಾಯಿತು: ನನ್ನ ಮೂಗು ಮುಟ್ಟಿ "ನಖ್", ಕಿವಿ ಮುಟ್ಟಿ "ಕನ್", ಕೂದಲು ಹಿಡಿದು "ಬಾಲ್". ಅಲ್ಲಿ ನಮಸ್ಕಾರಕ್ಕೆ "ಲಾಚೊ ದಿವೆಸ್" ಎನ್ನುತ್ತಾರೆ. ಆ ದಿವೆಸ್ ನಮ್ಮ ದಿವಸವೇ. ಬೆರಳು ಮಡಚುತ್ತಾ ಎಣಿಸಿದಳು: ಯೇಖ್, ದುಯ್, ತ್ರಿನ್, ಶ್ತಾರ್, ಪಾಂಜ್, ಶೋವ್. ಅಲ್ಲಿಂದ ಮುಂದೆ ಎಫ್ತಾ, ಓಖ್ತೊ, ಎನ್ಯಾ. ಈ ಮೂರೂ ಗ್ರೀಕರವು. ಸಾವಿರ ವರ್ಷದ ಹಿಂದೆ ಭಾರತ ಬಿಟ್ಟು ಹೊರಟ ರೋಮಾ ಜನ ಗ್ರೀಕ್ ಮಾತಿನ ನಾಡಿನಲ್ಲಿ ಬಹುಕಾಲ ತಂಗಿದ್ದರ ಗುರುತು. ಕೊನೆಗೆ ದೇಶ್, ಮತ್ತೆ ನಮ್ಮ ದಶ. ಇಷ್ಟು ದೂರದ ದಾರಿಯನ್ನು ಬೆರಳ ತುದಿಯಲ್ಲಿ ಇಟ್ಟುಕೊಂಡಿರುವ ಮಗುವಿಗೆ ಬುದ್ಧಿ ಸಾಲದು ಎನ್ನಲು ಯಾರಿಗೆ ಬಾಯಿ ಬರಬೇಕು?

ಮರುದಿನ ಕೊಶಿಟ್ಸೆ ನಗರದ ಅಂಚಿನ ಲೂನಿಕ್ 9 ಬಡಾವಣೆಗೆ ಹೋದೆವು. ಕಾಂಕ್ರೀಟು ಕಟ್ಟಡಗಳ ಕಾಲೊನಿ, ಅಲ್ಲಿರುವವರು ಹೆಚ್ಚುಕಡಿಮೆ ಎಲ್ಲರೂ ರೋಮಾ. 2021ರ ಸೆಪ್ಟೆಂಬರ್ 14ರಂದು ಪೋಪ್ ಫ್ರಾನ್ಸಿಸ್ ಇಲ್ಲಿಗೆ ಬಂದಿದ್ದರು. ಸಲೇಸಿಯನ್ ಎಂಬ ಕ್ಯಾಥೊಲಿಕ್ ಸಂಘದ ಪಾದ್ರಿಗಳು 2008ರಿಂದ ಇವರ ನಡುವೆಯೇ ವಾಸವಾಗಿದ್ದಾರೆ. ಅವರ ಕೇಂದ್ರದಲ್ಲಿ ಮಧ್ಯಾಹ್ನ ಮನೆಪಾಠ, ಆಟ, ಸಂಗೀತ. ಗಿಟಾರು ಹಿಡಿದ ಹುಡುಗರನ್ನು ನೋಡುತ್ತಾ ತುಸು ಹೊತ್ತು ಕೂತೆವು.

ಅಲ್ಲಿ ಕೂತಾಗ ನನಗೆ ಕಿಟೆಲ್ ನೆನಪಾದರು. ಧಾರವಾಡದಲ್ಲಿ ಬಾಸೆಲ್ ಮಿಷನ್ನಿನ ನೆರಳಲ್ಲಿ ಬೆಳೆದ ನಮಗೆ ಅವರ ಹೆಸರು ಮನೆಮಾತು. ಆ ಜರ್ಮನ್ ಪಾದ್ರಿ ಕನ್ನಡ ಕಲಿಯುವುದಕ್ಕೇ ಜೀವ ತೇದರು. 1894ರ ನಿಘಂಟು ಅದರ ಫಲ. ಬಂದವರು ಇಲ್ಲಿಯವರ ಮಾತನ್ನು ಕಲಿತಿದ್ದಕ್ಕೇ ಅವರ ನೆನಪು ಉಳಿದಿದೆ ಎಂದು ನಾನು ನಂಬಿದ್ದೇನೆ.

ಹಳ್ಳದಾಚೆಯ ಕೇರಿಯಿಂದ ಹೊರಡುವ ಮುನ್ನ ನಾವು ಒಮಾಮಾಳನ್ನು ಕೇಳಿದ್ದೆವು, ಶಾಲಾ ಬ್ಯಾಗುಗಳಿಗೆಂದು ತಂದ ಹಣವಿದೆ, ಎಷ್ಟು ಮಕ್ಕಳಿಗೆ ಬೇಕು? ಆಕೆ ದುಭಾಷಿ ಹುಡುಗನ ಕಡೆ ತಿರುಗಿ ನಿಧಾನಕ್ಕೆ ಹೇಳಿದಳು: "ಬ್ಯಾಗು ಬೇಡಮ್ಮ. ಗುಡ್ಡದ ಆಚೆಯ ಕೇರಿಯಲ್ಲಿ ಈ ಕೆಲಸಕ್ಕೆ ಒಬ್ಬಳು ತಯಾರಿದ್ದಾಳೆ. ಅವಳ ಸಂಬಳಕ್ಕೆ ಕೊಡಿ."

ಅಂದು ಸಂಜೆ ನಾವು ಐವರೂ ಕೂತು ಲೆಕ್ಕ ಹಾಕಿದೆವು. ಕೈಯಲ್ಲಿದ್ದ ಹಣ ವರ್ಷದ ಸಂಬಳದಲ್ಲಿ ಐದು ತಿಂಗಳಿಗಾಗುವಷ್ಟಿತ್ತು. ಉಳಿದ ಏಳು ತಿಂಗಳದ್ದು ಊರಿಗೆ ಹೋಗಿ ಕೂಡಿಸುವುದೆಂದು ಬರೆದುಕೊಂಡೆವು.