ಮನೆ ಬಿಟ್ಟರೂ ಬಿಡದ ಬ್ರಾಡ್‌ಬ್ಯಾಂಡ್

ಇಂಗ್ಲೆಂಡಿನಲ್ಲಿ ಬಾಡಿಗೆ ಮನೆ ಬಿಡಬಹುದು ಮಾರಾಯ್ರೆ, ಬ್ರಾಡ್‌ಬ್ಯಾಂಡ್ ಬಿಡೋದೇ ಕಷ್ಟ! ನಮ್ಮದು ಎರಡು ವರ್ಷದ ಒಪ್ಪಂದ, ಇನ್ನೂ 14 ತಿಂಗಳು ಬಾಕಿ. ಅಷ್ಟರಲ್ಲಿ ಕೆಲಸ ಬೇರೆ ಊರಿಗೆ ಬಿತ್ತು. ಹೊಸ ಮನೆಗೆ ಆ ಕಂಪನಿಯ ಲೈನೇ ಇಲ್ಲ. "ಹಾಗಾದ್ರೆ ನಿಲ್ಲಿಸಿಬಿಡಿ" ಅಂದ್ರೆ, ಉಳಿದ ತಿಂಗಳುಗಳಿಗೆ ಅಂತ ಸುಮಾರು 300 ಪೌಂಡ್ ಕೇಳಿದರು. ತಾವೇ ಕೊಡಲಾಗದ ಸೇವೆಗೆ ದುಡ್ಡು!

ಸಿಟ್ಟಲ್ಲಿ ಕೂತು ಆಫ್‌ಕಾಮ್ (ನಮ್ಮ ಟ್ರಾಯ್ ಇದ್ದ ಹಾಗೆ) ನಿಯಮಗಳನ್ನು ಓದಿದೆ. ಅದರ ಸ್ಪೀಡ್ ಕೋಡ್ ಒಪ್ಪಿಕೊಂಡ ಕಂಪನಿಯಾದರೆ, ಮಾತು ಕೊಟ್ಟ ಕನಿಷ್ಠ ವೇಗ ಸಿಗದೆ, 30 ದಿನದಲ್ಲಿ ಸರಿಯೂ ಆಗದಿದ್ದರೆ ದಂಡವಿಲ್ಲದೆ ಹೊರಬರಬಹುದು. ಒಪ್ಪಂದದಲ್ಲಿ ಇಲ್ಲದ ಬೆಲೆಯೇರಿಕೆ ಮಾಡಿದರೂ ಬರಬಹುದು. ಆದರೆ 2025ರ ಜನವರಿ 17ರಿಂದ ಹೊಸ ಒಪ್ಪಂದಗಳಲ್ಲಿ ಏರಿಕೆ ಎಷ್ಟು ಪೌಂಡ್, ಎಷ್ಟು ಪೆನ್ಸ್ ಅಂತ ಮೊದಲೇ ಬರೆದಿರಬೇಕು. ಒಳ್ಳೇದೇ, ಆದರೆ ಬರೆದಿಟ್ಟ ಮೇಲೆ ಆ ಬಾಗಿಲೂ ಮುಚ್ಚಿದ ಹಾಗೆ!

ಒಟ್ಟಿನಲ್ಲಿ ವೇಗ ಕಮ್ಮಿಯಾದರೆ ಬಿಡುಗಡೆ, ಲೈನೇ ಇಲ್ಲದಿದ್ದರೆ ದಂಡ. ಇದ್ಯಾವ ನ್ಯಾಯ ರೀ?

ಆದರೆ ದಂಡ ಅಂದ್ರೆ ಉಳಿದ ಬಿಲ್ಲು ಪೂರ್ತಿ ಅಲ್ಲ. ನಾವು ಬಿಟ್ಟಿದ್ದರಿಂದ ಕಂಪನಿಗೆ ಉಳಿಯುವ ಖರ್ಚನ್ನು ಕಳೆಯಬೇಕು. ಆ ಲೆಕ್ಕ ಬರೆದುಕೊಡಿ ಅಂತ ಈಮೇಲ್ ಹಾಕಿದ್ದೀನಿ. ಉತ್ತರ ಬಂದಿಲ್ಲ. ರೂಟರ್ ವಾಪಸ್ ಕಳಿಸೋಕೆ ಖಾಲಿ ಡಬ್ಬ ಮಾತ್ರ ಬಂದಿದೆ :)