ವಶೀಲಿಯಲ್ಲ, ಒಂದು ಕಿಡಿ

ಊರಲ್ಲಿ ಯಾರ ಮಕ್ಕಳಿಗಾದರೂ ಒಳ್ಳೆಯ ಕೆಲಸ ಸಿಕ್ಕಿತೆಂದರೆ ಜಗಲಿಯ ಮೇಲೆ ಮೊದಲು ಹುಟ್ಟುವ ಪ್ರಶ್ನೆ, 'ಯಾರ ವಶೀಲಿಯಂತೆ?' ಎಂಬುದು. ಈ ಮಾತಿಗೆ ಹೆದರಿಯೇ ಸ್ವಾಭಿಮಾನಿ ಹುಡುಗರು ಹಿರಿಯರ ಬಾಗಿಲು ತಟ್ಟಲು ಹಿಂಜರಿಯುತ್ತಾರೆ. ವಿಮಾನ ನಡೆಸುವ ಕನಸು ಕಂಡವರಿಗಂತೂ ಈ ಸಂಕೋಚ ಬಲು ದುಬಾರಿ.

ಲೆಕ್ಕ ಹಾಕಿ ನೋಡಿ. ವಾಣಿಜ್ಯ ಪೈಲಟ್ ಲೈಸೆನ್ಸಿಗೆ 200 ಗಂಟೆ ಹಾರಿರಬೇಕು. ಹವಾಮಾನ, ದಿಕ್ಕು ನಿರ್ಣಯ, ವಾಯುಯಾನದ ನಿಯಮ ಎಂದು ಪರೀಕ್ಷೆಗಳನ್ನು ಪಾಸು ಮಾಡಬೇಕು. ಅಪ್ಪ ಸೈಟು ಮಾರಿಯೋ ಮನೆ ಅಡವಿಟ್ಟೋ ಹಣ ಹೊಂದಿಸಿರುತ್ತಾರೆ. ಲೈಸೆನ್ಸ್ ಕೈಗೆ ಬಂದ ಮೇಲೆ ಗೊತ್ತಾಗುತ್ತದೆ, ದಾರಿ ಇನ್ನೂ ಅರ್ಧ ಬಾಕಿ ಇದೆ ಎಂದು. ಏರ್‌ಬಸ್ 320 ಆಗಲಿ ಬೋಯಿಂಗ್ 737 ಆಗಲಿ, ಆಯಾ ವಿಮಾನಕ್ಕೆ ಬೇರೆಯೇ ತರಬೇತಿ, ಬೇರೆಯೇ ಖರ್ಚು. ನಡುವೆ ಕಂಪನಿಗಳೇ ಮುಳುಗುವುದುಂಟು. 2012ರಲ್ಲಿ ಕಿಂಗ್‌ಫಿಷರ್, 2019ರಲ್ಲಿ ಜೆಟ್ ಏರ್‌ವೇಸ್, 2023ರಲ್ಲಿ ಗೋ ಫಸ್ಟ್ ಹಾರಾಟ ನಿಲ್ಲಿಸಿದವು. ಆಗೆಲ್ಲ ಸಾವಿರಾರು ಗಂಟೆ ಹಾರಿದವರೂ ಕೆಲಸ ಹುಡುಕುವವರ ಸಾಲಿಗೆ ಬಂದು ನಿಂತರು. ಕಾಯುತ್ತ ಕುಳಿತರೆ ಕಲಿತ ಕೈ ಮೊಂಡಾಗುತ್ತದೆ, ಬ್ಯಾಂಕಿನ ಬಡ್ಡಿ ಮಾತ್ರ ಬೆಳೆಯುತ್ತಲೇ ಇರುತ್ತದೆ.

ಇಂಥಲ್ಲಿ ಹಿರಿಯ ಪೈಲಟ್ ಒಬ್ಬರು ಮಾಡಬಹುದಾದ್ದೇನು? ಸಿಮ್ಯುಲೇಟರ್ ಪರೀಕ್ಷೆಯಲ್ಲಿ ಹುಡುಗನ ಬದಲು ಅವರು ಕೂರಲಾರರು. ಆದರೆ ಯಾವ ಕಂಪನಿ, ಯಾವ ವಿಮಾನ ಎಂದು ತಿಳಿಯುವ ಮೊದಲೇ ಲಕ್ಷಗಟ್ಟಲೆ ಸುರಿಯಬೇಡ ಎಂದು ತಡೆಯಬಲ್ಲರು. ಅಭ್ಯಾಸ ತಪ್ಪದಂತೆ ಎಚ್ಚರಿಸಬಲ್ಲರು. ಸಂದರ್ಶನದಲ್ಲಿ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ ಧೈರ್ಯ ಕಲಿಸಬಲ್ಲರು. ಅಂಥವರನ್ನು ಹುಡುಕಿ ದಿಲ್ಲಿಗೆ ಹೋಗಬೇಕಿಲ್ಲ. ಕಲಿಸಿದ ಗುರು, ಎರಡು ವರ್ಷ ಮೊದಲು ಕಲಿತು ಹೋದ ಅಣ್ಣಂದಿರು, ಅಕ್ಕಂದಿರು ಸಾಕು. 'ಕೆಲಸ ಕೊಡಿಸಿ ಸಾರ್' ಎಂದರೆ ಅವರು ಜಾರಿಕೊಂಡಾರು. 'ನಾನು ಎಲ್ಲಿ ತಪ್ಪುತ್ತಿದ್ದೇನೆ, ಹೇಳಿ ಸಾರ್' ಎಂದರೆ ಕುರ್ಚಿ ಎಳೆದು ಕೂರಿಸುತ್ತಾರೆ.

1929ರಲ್ಲಿ ಆಗಾ ಖಾನರು, ಇಂಗ್ಲೆಂಡ್ ಮತ್ತು ಭಾರತದ ನಡುವೆ ಒಬ್ಬಂಟಿಯಾಗಿ ಹಾರುವ ಮೊದಲ ಭಾರತೀಯನಿಗೆ ಬಹುಮಾನ ಸಾರಿದ್ದರು. ಜೆ. ಆರ್. ಡಿ. ಟಾಟಾ ಕರಾಚಿಯಿಂದ ಹೊರಟರು, ಹದಿಹರೆಯದ ಆಸ್ಪಿ ಎಂಜಿನಿಯರ್ ಇಂಗ್ಲೆಂಡಿನಿಂದ. ಈಜಿಪ್ಟಿನ ಅಬೂಕಿರ್‌ನಲ್ಲಿ ಆಸ್ಪಿ ಸ್ಪಾರ್ಕ್ ಪ್ಲಗ್ಗಿಲ್ಲದೆ ಸಿಕ್ಕಿಬಿದ್ದಿದ್ದರು. ಅಲ್ಲಿಗೆ ಬಂದಿಳಿದ ಟಾಟಾ ತಮ್ಮ ಬಳಿ ಇದ್ದ ಪ್ಲಗ್ಗುಗಳನ್ನು ಎದುರಾಳಿಗೇ ಕೊಟ್ಟರು. ಬಹುಮಾನ ಆಸ್ಪಿಯ ಪಾಲಾಯಿತು. ಅದೇ ಹುಡುಗ 1960ರಲ್ಲಿ ಭಾರತೀಯ ವಾಯುಪಡೆಯ ಮುಖ್ಯಸ್ಥರಾದರು.

ಪ್ಲಗ್ಗು ವಿಮಾನವನ್ನು ನಡೆಸುವುದಿಲ್ಲ. ಪೆಟ್ರೋಲು, ಎಂಜಿನ್ನು, ಕೈಯ ಹದ ಎಲ್ಲ ಹಾರುವವನದೇ. ಆದರೆ ಆ ಕಿಡಿಯಿಲ್ಲದೆ ಇವೆಲ್ಲ ಇದ್ದೂ ವಿಮಾನ ನೆಲ ಬಿಡದು. ಕಿಡಿ ಕೇಳುವುದು ಭಿಕ್ಷೆಯಲ್ಲ. ಮೇಲೇರಿದವರು ಅದನ್ನು ಕೊಡಲು ಮರೆಯಬಾರದು, ಅಷ್ಟೆ.